ಆ ನೋಟ್‌ಬುಕ್ ಒಮ್ಮೆ ತೆರೆಸಿ: ಪಿಎಚ್‌ಡಿ ಸಂದರ್ಶನ ಮಾಡುವವರಿಗೆ ಒಂದು ಬಹಿರಂಗ ಪತ್ರ

ಮನೋವಿಜ್ಞಾನದ ಪಿಎಚ್‌ಡಿಗೆ ವಿದ್ಯಾರ್ಥಿಗಳನ್ನು ಆರಿಸುವ ಗುರುಗಳಿಗೆ ಮತ್ತು ಉನ್ನತ ಶಿಕ್ಷಣ ಇಲಾಖೆಯ ಹಿರಿಯರಿಗೆ,

ಹುಬ್ಬಳ್ಳಿಯಿಂದ ನಮಸ್ಕಾರ.

ನಾನು ಪದವಿ ಕಾಲೇಜಿನಲ್ಲಿ ಮನೋವಿಜ್ಞಾನ ಹೇಳಿಕೊಡುವ ಅತಿಥಿ ಉಪನ್ಯಾಸಕಿ. ಹನ್ನೊಂದು ವರ್ಷ ಆಯಿತು, ಇನ್ನೂ ಅತಿಥಿಯೇ. ನಮ್ಮ ಮನೆಗೆ ಯಾರಾದರೂ ಬಂದು ಹನ್ನೊಂದು ವರ್ಷ ಕೂತರೆ ಅವರನ್ನು ಅತಿಥಿ ಅನ್ನುತ್ತೇವಾ? ಇರಲಿ, ಈ ಪತ್ರ ಅದರ ಬಗ್ಗೆ ಅಲ್ಲ.

ಹೋದ ವರ್ಷ ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳ ಜೊತೆ ಪಿಎಚ್‌ಡಿ ಸಂದರ್ಶನಕ್ಕೆ ಹೋಗಿದ್ದೆ. ಯಾವ ವಿಶ್ವವಿದ್ಯಾಲಯ ಅಂತ ಹೇಳುವುದಿಲ್ಲ. ಅವಳ ಮನೆಯಲ್ಲಿ ಕಾಲೇಜು ಮೆಟ್ಟಿಲು ಹತ್ತಿದವಳು ಅವಳೇ ಮೊದಲು. ಒಬ್ಬಳೇ ಹೋಗಲು ಹೆದರಿದ್ದಳು. ನಾನು ಕಾರಿಡಾರಿನ ಬೆಂಚಿನ ಮೇಲೆ ಕೂತೆ. ಒಳಗೆ ಹೋದವಳು ಆರೇ ನಿಮಿಷಕ್ಕೆ ಹೊರಗೆ ಬಂದಳು.

"ಏನ್ ಕೇಳಿದ್ರು?"

"ಪಬ್ಲಿಕೇಶನ್ ಎಷ್ಟದಾವ ಅಂದ್ರು. ಇಲ್ರಿ ಅಂದೆ. ಸೆಮಿನಾರ್ ಪೇಪರ್? ಒಂದೈತ್ರಿ, ಕಾಲೇಜ್ ಲೆವೆಲ್ ಅಂದೆ. ಹಂಗಾದ್ರ ರಿಸರ್ಚ್ ಎಕ್ಸ್‌ಪೀರಿಯೆನ್ಸ್ ನಿಲ್ ಅಂತ ಬರಕೊಂಡ್ರು."

"ನೋಟ್‌ಬುಕ್ ತೋರಿಸ್ದ್ಯಾ?"

"ಕೇಳಲಿಲ್ಲ ಮೇಡಂ."

ಆ 'ನಿಲ್' ಅನ್ನುವ ಮಾತು ನನ್ನನ್ನು ಬಿಟ್ಟಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ಅವಳು ಬ್ಯಾಡಗಿ ಸಮೀಪದ ಹಳ್ಳಿಯವಳು. ಎಂ.ಎ. ಡಿಸರ್ಟೇಶನ್‌ಗೆ, ಅಂದರೆ ಸಂಶೋಧನಾ ಪ್ರಬಂಧಕ್ಕೆ, ಆರಿಸಿಕೊಂಡಿದ್ದು ಮೆಣಸಿನಕಾಯಿ ಹೊಲದಲ್ಲಿ ದುಡಿಯುವ ಹೆಂಗಸರ ಮನಸ್ಸಿನ ಆರೋಗ್ಯ. ಬಳಸಿದ್ದು ಪಿಎಚ್‌ಕ್ಯೂ-9 ಎಂಬ ಪ್ರಶ್ನಾವಳಿ. ಖಿನ್ನತೆಯ ಲಕ್ಷಣ ಅಳೆಯಲು ಜಗತ್ತಿನ ಎಲ್ಲ ಕಡೆ ಬಳಸುವಂಥದ್ದು. ಒಂಬತ್ತು ಪ್ರಶ್ನೆ, ಒಂದೊಂದಕ್ಕೆ 0ಯಿಂದ 3 ಅಂಕ, ಒಟ್ಟು 27. ಕಳೆದ ಎರಡು ವಾರದಲ್ಲಿ ಈ ತೊಂದರೆ ಎಷ್ಟು ದಿನ ಕಾಡಿತು ಅಂತ ಕೇಳಬೇಕು. ಕಾಗದದ ಮೇಲೆ ಬಹಳ ಸುಲಭ.

ಅವಳ ನೋಟ್‌ಬುಕ್ ಇನ್ನೂರು ಪುಟದ್ದು, ಕಂದು ಕಾಗದದ ರಟ್ಟು ಹಾಕಿದ್ದು. ಮೂಲೆಗಳಿಗೆಲ್ಲ ಮೆಣಸಿನಕಾಯಿಯ ಕೆಂಪು ಹತ್ತಿದೆ. ಒಳಗೆ ಯಾರ ಹೆಸರೂ ಇಲ್ಲ. ಮ-1, ಮ-2, ಹೀಗೆ ನಂಬರ್ ಮಾತ್ರ. ಸಣ್ಣ ಊರು, ಹೆಸರು ಬರೆದರೆ ಸಂಜೆಯೊಳಗೆ ಊರಿಗೆಲ್ಲ ಗೊತ್ತಾಗುತ್ತದೆ ಅಂತ ಅವಳಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. 

ಮೊದಲ ದಿನವೇ "ಎರಡು ವಾರ" ಕೆಲಸಕ್ಕೆ ಬರಲಿಲ್ಲ. ಹಿರಿಯ ಹೆಂಗಸರು ದಿನ ಲೆಕ್ಕ ಹಾಕುವುದು ಸಂತೆಯಿಂದ. "ಹಿಂದಿನ ಎರಡು ಸಂತಿಯಿಂದ" ಅಂತ ಬದಲಾಯಿಸಿದಳು, ತಕ್ಷಣ ಅರ್ಥವಾಯಿತು. ಮುಂದಿನದು 'ಖಿನ್ನತೆ'. "ಹಂಗಂದ್ರೇನವ್ವಾ?" ಅಂತ ಕೇಳಿದರು. ಅವರು ಹೇಳುವ ಮಾತೇ ಬೇರೆ. "ಎದಿ ಭಾರ ಆಗೈತಿ", "ಜೀವಕ್ಕ ಬ್ಯಾಸರ", "ಯಾತಕ್ಕೂ ಮನಸ ಹತ್ತಂಗಿಲ್ಲ". ಈ ಮೂರೂ ಒಂದೇ ಅಲ್ಲ ಅಂತ ಅವಳು ಒಂದಿಡೀ ಪುಟ ಬರೆದಿದ್ದಾಳೆ. ಎದೆ ಭಾರ ಅನ್ನುವವರು ಯಾರನ್ನೋ ಕಳೆದುಕೊಂಡವರು ಅಥವಾ ಸಾಲದ ಚಿಂತೆ ಇದ್ದವರು. ಮನಸ್ಸು ಹತ್ತುವುದಿಲ್ಲ ಅಂದವರಿಗೆ ಇಂಥದ್ದೇ ಅನ್ನುವ ಕಾರಣ ಹೇಳಲು ಬರುತ್ತಿರಲಿಲ್ಲ. ಅದು ಅವಳ ಊಹೆ ಇರಬಹುದು. ಆದರೆ ಊಹೆ ಅಂತಲೇ ಪಕ್ಕದಲ್ಲಿ ಬರೆದುಕೊಂಡಿದ್ದಾಳೆ.

ಪುಟ 31 ನನಗೆ ಬಹಳ ಇಷ್ಟ. ಮೂರನೇ ಪ್ರಶ್ನೆ ನಿದ್ದೆಯದು. ಮ-14 ಹೇಳಿದ್ದು: "ನಿದ್ದಿ ಎಲ್ಲಿಂದ ಬರಬೇಕ ತಂಗಿ? ಕಣದಾಗ ಕಾಯಿ ಒಣಗಾಕ ಹಾಕೇವಿ, ಕಾಯಬೇಕಲ್ಲ." ಐದನೇ ಪ್ರಶ್ನೆ ಊಟದ್ದು. "ಹಸಿವು ಆಗತೈತಿ, ಉಣ್ಣಾಕ ಹೊತ್ತ ಸಿಗಂಗಿಲ್ಲ." ಲೆಕ್ಕದ ಪ್ರಕಾರ ಈ ಎರಡಕ್ಕೂ 3 ಹಾಕಬೇಕು. ಹಾಕಿದರೆ ಆ ತಾಯಿ ಖಿನ್ನತೆಯ ಕಡೆಗೆ ಆರು ಅಂಕ ಜಾರುತ್ತಾಳೆ. ಅವಳಿಗಿರುವುದು ಖಿನ್ನತೆಯೋ, ಸುಗ್ಗಿಯೋ? ಹುಡುಗಿ ಅಂಕವನ್ನು ಹಾಗೇ ಹಾಕಿ, ಪಕ್ಕದಲ್ಲಿ 'ಯಾಕೆ' ಅಂತ ಒಂದು ಕಾಲಂ ಎಳೆದಳು. ಸುಗ್ಗಿ ಮುಗಿದ ಮೇಲೆ ಬೇಸಿಗೆಯಲ್ಲಿ ಮತ್ತೆ ಹೋಗಿ ಅದೇ ಹೆಂಗಸರನ್ನು ಅದೇ ಪ್ರಶ್ನೆ ಕೇಳಿದಳು. ಹಾಗೆ ಮಾಡು ಅಂತ ನಾನು ಹೇಳಿರಲಿಲ್ಲ. ಅವಳ ಗೈಡ್ ಕೂಡ ಹೇಳಿರಲಿಲ್ಲ.

ಇನ್ನೊಂದು ಸಂಗತಿ. ಮನೆಯಲ್ಲಿ ಕೂತು ಸೊಸೆಯನ್ನು ಕೇಳಿದರೆ ಅತ್ತೆ ಉತ್ತರ ಹೇಳುತ್ತಿದ್ದಳು. "ಅಕಿಗೇನಾಗೈತಿ, ಚಲೋನ ಅದಾಳ." ಹಾಗಾಗಿ ಹುಡುಗಿ ಮನೆ ಬಿಟ್ಟು, ಬಟ್ಟೆ ಒಗೆಯುವ ಕಡೆ ಹೋಗಿ ಕೂತಳು. ಅಲ್ಲಿ ಸಿಕ್ಕ ಉತ್ತರಗಳೇ ಬೇರೆ. ಮನೆಯಲ್ಲಿ ತೆಗೆದುಕೊಂಡ ಮೊದಲ ಒಂಬತ್ತು ಹೆಂಗಸರ ಉತ್ತರಗಳಿಗೆ ಅಡ್ಡಗೆರೆ ಎಳೆದು "ನಂಬಂಗಿಲ್ಲ" ಅಂತ ಬರೆದಿದ್ದಾಳೆ. ಹದಿನೈದು ದಿನದ ದುಡಿಮೆ ಅದು. ತನ್ನ ಕೈಯಾರೆ ಹೊಡೆದು ಹಾಕಿದಳು.

ಒಂಬತ್ತನೇ ಪ್ರಶ್ನೆ ಸಾವಿನ ಯೋಚನೆಯದು. ಒಂದು ಸಂಜೆ ಒಬ್ಬ ಹೆಂಗಸು ಅದಕ್ಕೆ "ದಿನಾ" ಅಂದಳು. ರಾತ್ರಿ ಎಂಟೂವರೆಗೆ ನನಗೆ ಫೋನ್ ಬಂತು. "ಮೇಡಂ, ಈಗ ಏನ್ ಮಾಡ್ಲಿ? ಮೂರ್ ಅಂತ ಬರದು ಮುಂದ ಹೋಗ್ಲಾ?" ನಾನು ಪೆನ್ನು ಕೆಳಗಿಡು ಅಂದೆ. ಹುಡುಗಿ ಆ ಹೆಂಗಸಿನ ಒಪ್ಪಿಗೆ ಕೇಳಿ ಅವಳ ಅಕ್ಕನನ್ನು ಕರೆಸಿದಳು. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿಸಿದಳು. ಮಂಗಳವಾರ ತಾಲ್ಲೂಕು ಆಸ್ಪತ್ರೆಯ ಮನೋಚೈತನ್ಯ ಕ್ಲಿನಿಕ್‌ಗೆ ತಾನೇ ಕರೆದುಕೊಂಡು ಹೋದಳು. ಈಗ ಆ ಹೆಂಗಸು ಔಷಧಿ ತಗೊಳ್ಳುತ್ತಿದ್ದಾಳೆ, ಹೊಲಕ್ಕೂ ಹೋಗುತ್ತಿದ್ದಾಳೆ. ಇಂಥ ಉತ್ತರ ಬಂದರೆ ಏನು ಮಾಡಬೇಕು ಅಂತ ಮೊದಲೇ ಬರೆದಿಟ್ಟುಕೊಂಡು ಹಳ್ಳಿಗೆ ಇಳಿಯಬೇಕಿತ್ತು. ಅದು ನಮ್ಮ ತಪ್ಪು, ಮುಖ್ಯವಾಗಿ ನನ್ನ ತಪ್ಪು. ಆದರೆ ಈ ತಪ್ಪು ಗೊತ್ತಾದದ್ದು ಎಲ್ಲಿ? ಕಣದಲ್ಲಿ. ಪಿಎಚ್‌ಡಿಗೆ ಬರುವವರಲ್ಲಿ ಎಷ್ಟು ಜನಕ್ಕೆ ಈ ತಪ್ಪು ಗೊತ್ತಿದೆ?

ಇದಕ್ಕೆ 'ನಿಲ್' ಹಾಕಿದಿರಿ, ಸರ್.

ನಾನು ಸಂಶೋಧನೆಯ ಅನುಭವ ನೋಡಬೇಡಿ ಅನ್ನುತ್ತಿಲ್ಲ. ಉಲ್ಟಾ, ಅದನ್ನೇ ಜಾಸ್ತಿ ನೋಡಿ ಅನ್ನುತ್ತಿದ್ದೇನೆ. ಪಿಎಚ್‌ಡಿ ಅಂದರೆ ಇನ್ನೊಂದು ಪರೀಕ್ಷೆ ಅಲ್ಲ. ನಾಲ್ಕೈದು ವರ್ಷ ಒಂದೇ ಪ್ರಶ್ನೆಯ ಬೆನ್ನು ಹತ್ತುವ ಕೆಲಸ. ಪರೀಕ್ಷೆಯಲ್ಲಿ ಎಂಬತ್ತು ತಗೊಂಡವರಿಗೆ ಈ ಕೆಲಸ ಒಗ್ಗುತ್ತದೆ ಅಂತೇನಿಲ್ಲ. ಹಿಂದೆ ಒಮ್ಮೆ ಸಣ್ಣದನ್ನು ಮಾಡಿದವರು ಮುಂದೆ ದೊಡ್ಡದನ್ನು ಮಾಡಬಹುದು ಅನ್ನುವ ಲೆಕ್ಕ ಸರಿಯಾಗೇ ಇದೆ. ನನ್ನ ತಕರಾರು ಒಂದೇ. ನೀವು ಎಣಿಸುತ್ತಿರುವುದು ಅನುಭವವನ್ನಲ್ಲ, ಕಾಗದವನ್ನು.

ನಿಯಮ ಏನು ಹೇಳುತ್ತದೆ ನೋಡೋಣ. ನವೆಂಬರ್ 2022ರ ಯುಜಿಸಿ (ವಿಶ್ವವಿದ್ಯಾಲಯ ಧನಸಹಾಯ ಆಯೋಗ) ನಿಯಮದಲ್ಲಿ ಲಿಖಿತ ಪರೀಕ್ಷೆಗೆ 70, ಸಂದರ್ಶನಕ್ಕೆ 30. ಪ್ರವೇಶ ಪರೀಕ್ಷೆಯ ಪಠ್ಯದಲ್ಲಿ ಅರ್ಧ ಸಂಶೋಧನಾ ವಿಧಾನವೇ ಇರಬೇಕು. 2024-25ರಿಂದ ನೆಟ್ (ರಾಷ್ಟ್ರೀಯ ಅರ್ಹತಾ ಪರೀಕ್ಷೆ) ಅಂಕವನ್ನೇ ಪಿಎಚ್‌ಡಿ ಪ್ರವೇಶಕ್ಕೆ ತೆಗೆದುಕೊಳ್ಳುವ ದಾರಿ ಬಂತು. ಅಲ್ಲೂ ಅದೇ 70 ಮತ್ತು 30. ಅದರಲ್ಲೇ ಜೆಆರ್‌ಎಫ್ ಎಂಬ ಸಂಶೋಧನಾ ಫೆಲೋಶಿಪ್ ಆದವರಿಗಂತೂ ಸಂದರ್ಶನವೇ ಎಲ್ಲ. ಅಂದರೆ ಒಬ್ಬರು ಹಿಂದೆ ಮಾಡಿದ ಕೆಲಸ ತೂಕಕ್ಕೆ ಬರುವ ಜಾಗ ಆ ಮೂವತ್ತು ಅಂಕ ಮಾತ್ರ. ಅದನ್ನು ಆರು ನಿಮಿಷದಲ್ಲಿ ಮುಗಿಸಿದರೆ ಹೇಗೆ?

ಇನ್ನೊಂದು ತಮಾಷೆ. 2016ರ ನಿಯಮದಲ್ಲಿ ಥೀಸಿಸ್ ಕೊಡುವ ಮೊದಲು ಒಂದು ಲೇಖನ ಪ್ರಕಟವಾಗಿರಲೇಬೇಕಿತ್ತು. 2022ರಲ್ಲಿ ಯುಜಿಸಿ ಆ ಕಡ್ಡಾಯವನ್ನು ತೆಗೆಯಿತು. ಪಿಎಚ್‌ಡಿ ಮುಗಿಸಿ ಹೊರಗೆ ಹೋಗುವವರಿಗೆ ಬೇಡವಾದದ್ದನ್ನು ಒಳಗೆ ಬರುವವರ ಹತ್ತಿರ ಮೊದಲ ಪ್ರಶ್ನೆಯಾಗಿ ಕೇಳುತ್ತೀರಲ್ಲ!

ಇದರ ಫಲ ಏನು ಅಂತ ನನ್ನ ಫೋನ್ ತೋರಿಸಿದರೆ ಸಾಕು. ವಾರಕ್ಕೆ ಎರಡಾದರೂ ಮೆಸೇಜ್ ಬರುತ್ತವೆ. "ಅಂತರರಾಷ್ಟ್ರೀಯ ಜರ್ನಲ್, ಮೂರು ದಿನದಲ್ಲಿ ಪ್ರಕಟಣೆ, ಸರ್ಟಿಫಿಕೇಟ್ ಉಚಿತ." ದುಡ್ಡು ಕೊಟ್ಟರೆ ನಿಮ್ಮ ಹೆಸರು ಸೇರಿಸುತ್ತಾರೆ, ಇನ್ನೂ ಸ್ವಲ್ಪ ಕೊಟ್ಟರೆ ಲೇಖನವನ್ನೂ ಅವರೇ ಬರೆಯುತ್ತಾರೆ. ನನ್ನ ತರಗತಿಯಲ್ಲೇ ಒಬ್ಬ ಹುಡುಗ ಹೀಗೆ ಎರಡು 'ಪಬ್ಲಿಕೇಶನ್' ಮಾಡಿಸಿಕೊಂಡ. ಕೇಳಿದೆ, "ನಿನ್ನ ಪೇಪರಿನಲ್ಲಿ ಟಿ-ಟೆಸ್ಟ್ (ಎರಡು ಗುಂಪಿನ ಸರಾಸರಿ ಹೋಲಿಸುವ ಲೆಕ್ಕ) ಯಾಕೆ ಹಾಕಿದೆ?" ಅವನು ಪಾಪ, ನಿಜ ಹೇಳಿದ: "ಅಂಗಡ್ಯಾಂವ ಹಾಕ್ಯಾನ್ರಿ ಮೇಡಂ." ಒಳ್ಳೆಯ ಜರ್ನಲ್ ಯಾವುದು ಅಂತ ಹೇಳಲು ಯುಜಿಸಿ-ಕೇರ್ ಪಟ್ಟಿ ಅಂತ ಒಂದಿತ್ತು. ಅದನ್ನೂ 2025ರಲ್ಲಿ ನಿಲ್ಲಿಸಿದರು. ಈಗ ಸಾಚಾ ಯಾವುದು, ಖೋಟಾ ಯಾವುದು ಅಂತ ನೋಡುವ ಹೊಣೆ ನಿಮ್ಮ ಮೇಲೇ ಇದೆ. ಸುಮ್ನೆ ಎಣಿಸಿದರೆ ಆ ಹುಡುಗನಿಗೆ ಎರಡು, ನಮ್ಮ ಹುಡುಗಿಗೆ ಸೊನ್ನೆ.

ಹಾಗಂತ ಒಳ್ಳೆಯ ಜರ್ನಲ್‌ನಲ್ಲಿ ಬಂದದ್ದೆಲ್ಲ ಗಟ್ಟಿ ಅಂತಲೂ ಅಲ್ಲ, ಅಲ್ವಾ? ನಿಮಗೂ ಗೊತ್ತಿರುವ ವಿಷಯ. ಮನೋವಿಜ್ಞಾನದ ದೊಡ್ಡ ಜರ್ನಲ್‌ಗಳಲ್ಲಿ ಬಂದ ನೂರು ಅಧ್ಯಯನಗಳನ್ನು ಮತ್ತೆ ಮಾಡಿ ನೋಡಿದರು. ಫಲಿತಾಂಶ 2015ರಲ್ಲಿ ಬಂತು. ಮೊದಲ ಸಲ ನೂರಕ್ಕೆ 97ರಲ್ಲಿ ಪರಿಣಾಮ ಕಂಡಿದೆ ಅಂದಿದ್ದರು. ಎರಡನೇ ಸಲ ಕಂಡದ್ದು ನೂರಕ್ಕೆ 36ರಲ್ಲಿ. ಅಂಥಾ ಜರ್ನಲ್‌ಗಳ ಕತೆಯೇ ಹೀಗಿರುವಾಗ ನಾವು ಪ್ರಕಟಣೆಯ ಲೆಕ್ಕ ಹಿಡಿದು ಕೂತಿದ್ದೇವೆ. ಬೇಸಿಗೆಯಲ್ಲಿ ಮತ್ತೆ ಹೋಗಿ ಅದೇ ಪ್ರಶ್ನೆ ಕೇಳಿದ ಹುಡುಗಿ ಮಾಡಿದ್ದೂ ಒಂದು ರೀತಿಯಲ್ಲಿ ಅದನ್ನೇ. ತನ್ನ ಉತ್ತರ ತಾನೇ ನಂಬದೆ ಇನ್ನೊಮ್ಮೆ ನೋಡಿದಳು.

ಮೈಸೂರಿನಲ್ಲಿ ಮನೋವಿಜ್ಞಾನ ಕಲಿಸುತ್ತಿದ್ದ ಎಂ.ವಿ. ಗೋಪಾಲಸ್ವಾಮಿ ಅವರು 1935ರಲ್ಲಿ ತಮ್ಮ ಮನೆಯಲ್ಲೇ ರೇಡಿಯೊ ಕೇಂದ್ರ ಶುರು ಮಾಡಿದರು, 'ಆಕಾಶವಾಣಿ' ಅಂತ. ಅವರು ಇವತ್ತು ಸಂದರ್ಶನಕ್ಕೆ ಬಂದಿದ್ದರೆ ಅದು ಯಾವ ಜರ್ನಲ್‌ನಲ್ಲಿ ಬಂತು ಅಂತ ಕೇಳುತ್ತಿದ್ದೆವೇನೋ.

ಅಮೆರಿಕಕ್ಕೆ ಅರ್ಜಿ ಹಾಕಬೇಕು ಅಂತ ಬರುವ ಮಕ್ಕಳೂ ನನ್ನ ಹತ್ತಿರ ಇದ್ದಾರೆ. ಅವರಿಗೆ ನಾನು ಹೇಳುವುದನ್ನು ಇಲ್ಲೂ ಹೇಳುತ್ತೇನೆ. ಅಲ್ಲಿ ಮನೋವಿಜ್ಞಾನದ ಪಿಎಚ್‌ಡಿ ಸೀಟು ಬಹಳ ಕಡಿಮೆ, ಕ್ಲಿನಿಕಲ್, ಅಂದರೆ ಚಿಕಿತ್ಸೆಯ ಕಡೆಯದು, ಇನ್ನೂ ಕಡಿಮೆ. ಸಿಕ್ಕವರಿಗೆ ಸಾಮಾನ್ಯವಾಗಿ ಫೀ ಮಾಫಿ, ಮೇಲೆ ತಿಂಗಳ ಖರ್ಚಿಗೆ ದುಡ್ಡು. ಅದಕ್ಕೇ ಪ್ರೊಫೆಸರ್ ತನ್ನ ಲ್ಯಾಬಿಗೆ ಕೆಲಸ ಬಲ್ಲವರನ್ನು ಹುಡುಕುತ್ತಾರೆ. ಜಿಆರ್‌ಇ ಎಂಬ ಪ್ರವೇಶ ಪರೀಕ್ಷೆಯನ್ನು ಎಷ್ಟೋ ವಿಭಾಗಗಳು ಬಿಟ್ಟೇ ಬಿಟ್ಟಿವೆ. ಅದು ಹೋದಷ್ಟೂ ಅನುಭವದ ತೂಕ ಏರಿದೆ. ಬಿ.ಎ. ಮುಗಿಸಿ ಒಂದೆರಡು ವರ್ಷ ಸಂಬಳಕ್ಕೆ ರಿಸರ್ಚ್ ಅಸಿಸ್ಟೆಂಟ್ ಆಗಿ ದುಡಿದು ಆಮೇಲೆ ಅರ್ಜಿ ಹಾಕುವವರು ಅಲ್ಲಿ ಬಹಳ. 1949ರಲ್ಲಿ ಕೊಲೊರಾಡೊದ ಬೌಲ್ಡರ್ ಎಂಬ ಊರಲ್ಲಿ ಮನೋವಿಜ್ಞಾನಿಗಳು ಸೇರಿ, ಚಿಕಿತ್ಸೆ ಮಾಡುವವರು ಸಂಶೋಧಕರೂ ಆಗಿರಬೇಕು ಅಂತ ಒಪ್ಪಿಕೊಂಡರು. ಆ ಗುರುತು ಇವತ್ತಿಗೂ ಉಳಿದಿದೆ. ಚಿಕಿತ್ಸೆಯೇ ಮುಖ್ಯ ಅನ್ನುವವರಿಗೆ ಸೈಡಿ (Psy.D.) ಅಂತ ಬೇರೆ ಪದವಿ ಇದೆ. ಅಲ್ಲಿ ಅನುಭವದ ಹಟ ಸ್ವಲ್ಪ ಕಡಿಮೆ, ಫೀ ಜಾಸ್ತಿ.

ಆದರೆ ಗಮನಿಸಿ, ಅಲ್ಲಿ ಅನುಭವ ಅಂದರೆ ಪೇಪರ್ ಸಂಖ್ಯೆ ಒಂದೇ ಅಲ್ಲ. ನಿನ್ನ ಕೆಲಸವನ್ನು ಕಣ್ಣಾರೆ ಕಂಡ ಮೂವರು ಬರೆದ ಪತ್ರ ಓದುತ್ತಾರೆ. ಏನು ಮಾಡಿದೆ, ಎಲ್ಲಿ ಎಡವಿದೆ, ಮುಂದೆ ಏನು ಕೇಳಬೇಕೆಂದಿದ್ದೀ ಅಂತ ಕೂರಿಸಿ ಮಾತಾಡಿಸುತ್ತಾರೆ. ಅಲ್ಲೂ ಎಲ್ಲ ಸರಿ ಇಲ್ಲ. ಸಂಬಳವಿಲ್ಲದೆ ಲ್ಯಾಬಿನಲ್ಲಿ ದುಡಿಯಲು ಮನೆಯಲ್ಲಿ ಅನುಕೂಲ ಇದ್ದವರಿಗೇ ಆಗುತ್ತದೆ ಅನ್ನುವ ದೂರು ಅಲ್ಲೂ ಇದೆ. ನಮ್ಮಲ್ಲಂತೂ ಆ ಲ್ಯಾಬೇ ಇಲ್ಲವಲ್ಲ!

ನಮ್ಮ ಭಾಗದ ಬಹಳಷ್ಟು ಕಾಲೇಜುಗಳಲ್ಲಿ ಮನೋವಿಜ್ಞಾನದ ಲ್ಯಾಬ್ ಅಂದರೆ ಒಂದು ಗೋದ್ರೇಜ್ ಬೀರು. ಕನ್ನಡಿ ನೋಡಿ ನಕ್ಷತ್ರ ಬಿಡಿಸುವ ಪೆಟ್ಟಿಗೆ, ಗೆರೆಯ ಉದ್ದದಲ್ಲಿ ಕಣ್ಣಿಗೆ ಮೋಸ ಮಾಡುವ ಮ್ಯುಲರ್-ಲಯರ್ ಹಲಗೆ, ಓಡದ ಒಂದು ಸ್ಟಾಪ್‌ವಾಚ್. ಪ್ರಾಕ್ಟಿಕಲ್ ಮುಗಿದರೆ ರೆಕಾರ್ಡ್ ಬುಕ್ ಬರೆಯುವುದು, ಅಕ್ಕನ ರೆಕಾರ್ಡ್ ನೋಡಿ ತಂಗಿ ಬರೆಯುವುದು. ಎಂ.ಎ.ಗೆ ಬಂದರೆ ಡಿಸರ್ಟೇಶನ್. "ನಗರ ಮತ್ತು ಗ್ರಾಮೀಣ ವಿದ್ಯಾರ್ಥಿಗಳ ಹೊಂದಾಣಿಕೆ", ಅರವತ್ತು ಪ್ಲಸ್ ಅರವತ್ತು. ಈ ವಿಷಯದ ಮೇಲೆ ನಾನೇ ಇಪ್ಪತ್ತಕ್ಕೂ ಹೆಚ್ಚು ಡಿಸರ್ಟೇಶನ್ ನೋಡಿರಬೇಕು. ನಮ್ಮ ಹಳ್ಳಿ ಹುಡುಗರು ಇನ್ನೂ ಹೊಂದಿಕೊಂಡಿಲ್ಲವೋ ಏನೋ! ಕೊನೆಯ ವಾರ ಝೆರಾಕ್ಸ್ ಅಂಗಡಿಯಲ್ಲಿ ರೆಕ್ಸಿನ್ ಬೈಂಡಿಂಗ್, ಚಿನ್ನದ ಬಣ್ಣದ ಅಕ್ಷರ, ಹತ್ತು ನಿಮಿಷದ ವೈವಾ, ಮುಗಿಯಿತು. ಆಮೇಲೆ ಅದೇ ಮಗುವನ್ನು ಪಿಎಚ್‌ಡಿ ಸಂದರ್ಶನದಲ್ಲಿ ಅನುಭವ ಎಲ್ಲಿ ಅಂತ ಕೇಳುತ್ತೇವೆ. ನಾವು ಕೊಡದೇ ಇದ್ದದ್ದನ್ನು ಅವರಿಂದ ಕೇಳುತ್ತಿದ್ದೇವೆ. 'ನಾವು' ಅಂದಾಗ ನನ್ನನ್ನೂ ಸೇರಿಸಿಯೇ ಹೇಳುತ್ತಿದ್ದೇನೆ.

ಕೆಲಸಕ್ಕೆ ಜಾಗ ಇಲ್ಲವೇ? ಧಾರವಾಡದಲ್ಲಿ ಡಿಮ್ಹಾನ್ಸ್ ಮಾನಸಿಕ ಆರೋಗ್ಯ ಸಂಸ್ಥೆ ಇದೆ, ಹುಬ್ಬಳ್ಳಿಯಲ್ಲಿ ದೊಡ್ಡ ಸರ್ಕಾರಿ ಆಸ್ಪತ್ರೆ ಇದೆ. ಸಪ್ತಾಪುರದ ಕೋಚಿಂಗ್ ಬೀದಿಯಲ್ಲಿ ಸಾವಿರಾರು ಮಕ್ಕಳು ಪಿಜಿ ರೂಮಿನಲ್ಲಿ ಕೂತು ಪಿಎಸ್‌ಐ, ಕೆಎಎಸ್‌ಗೆ ಓದುತ್ತಿದ್ದಾರೆ. ಒಂದು ವರ್ಷ, ಎರಡು ವರ್ಷ, ಐದು ವರ್ಷ. ಅವರ ನಿದ್ದೆ, ಅವರ ಭಯ, ಊರಿಗೆ ಹೋಗಲು ಅವರಿಗಾಗುವ ನಾಚಿಕೆ, ಇವು ಸಂಶೋಧನೆ ಅಲ್ಲವೇ? ಬಳ್ಳಾರಿಯನ್ನೇ ನೋಡಿ. 1980ರ ದಶಕದಲ್ಲಿ ನಿಮ್ಹಾನ್ಸ್‌ನವರು ಆ ಜಿಲ್ಲೆಯ ಹಳ್ಳಿ ಆಸ್ಪತ್ರೆಗಳಲ್ಲಿ ಮಾಡಿ ನೋಡಿದ ಪ್ರಯೋಗವೇ 1996ರಲ್ಲಿ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಮಾದರಿ ಆಯಿತು. ಅದೂ ನಮ್ಮ ಈ ಒಣ ನೆಲದ ಕೆಲಸವೇ.

ಭಾಷೆಯ ಮಾತೂ ಇದೆ. ನೆಟ್‌ನ ಮನೋವಿಜ್ಞಾನದ ಪ್ರಶ್ನೆಪತ್ರಿಕೆ ಇಂಗ್ಲಿಷ್ ಮತ್ತು ಹಿಂದಿಯಲ್ಲಿ ಮಾತ್ರ ಇರುತ್ತದೆ. ಅದನ್ನು ಬದಲಾಯಿಸುವುದು ನಿಮ್ಮ ಕೈಯಲ್ಲಿಲ್ಲ. ಸಂದರ್ಶನ ನಿಮ್ಮ ಕೈಯಲ್ಲಿದೆ. 'ವ್ಯಾಲಿಡಿಟಿ', ಅಂದರೆ ಅಳೆಯಬೇಕಾದದ್ದನ್ನೇ ಅಳೆಯುತ್ತಿದ್ದೇವಾ ಅನ್ನುವುದು. ಇಂಗ್ಲಿಷ್‌ನಲ್ಲಿ ಅದರ ವ್ಯಾಖ್ಯೆ ಹೇಳಿದವರಿಗೆ ತಲೆ ಆಡಿಸುತ್ತೀರಿ. "ಕಣ ಕಾಯಾಕತ್ತಾರಂತ ನಿದ್ದಿ ಇಲ್ಲ, ಅದನ್ನ ಖಿನ್ನತೆ ಅನ್ನಾಕ ಬರಂಗಿಲ್ರಿ" ಅಂದವಳೂ ವ್ಯಾಲಿಡಿಟಿಯ ಬಗ್ಗೆಯೇ ಹೇಳುತ್ತಿದ್ದಾಳೆ. ಕನ್ನಡದಲ್ಲಿ ಹೇಳಲು ಬಿಡಿ.

ಹಾಗಾದರೆ ಏನು ಮಾಡಬೇಕು? ದೊಡ್ಡ ಯೋಜನೆ ಏನೂ ನನ್ನ ಹತ್ತಿರ ಇಲ್ಲ. ಸಂದರ್ಶನಕ್ಕೆ ಬರುವವರು ತಮ್ಮ ಡಿಸರ್ಟೇಶನ್‌ನ ಕಚ್ಚಾ ಹಾಳೆಗಳನ್ನು, ಉತ್ತರ ಕೊಟ್ಟವರ ಹೆಸರು ತೆಗೆದು ನಂಬರ್ ಹಾಕಿ, ತರಲಿ ಅಂತ ಪ್ರಕಟಣೆಯಲ್ಲೇ ಒಂದು ಸಾಲು ಸೇರಿಸಿ. ಅವನ್ನು ಮುಂದಿಟ್ಟುಕೊಂಡು ಹದಿನೈದು ನಿಮಿಷ ಮಾತಾಡಿ. ದುಡ್ಡು ಕೊಟ್ಟು ಮಾಡಿಸಿದವರು ಮೂರನೇ ಪ್ರಶ್ನೆಗೆ ಸಿಕ್ಕಿಬೀಳುತ್ತಾರೆ, ನೋಡಿ ಬೇಕಾದರೆ. ಎಂ.ಎ. ಗೈಡ್‌ಗಳು ಪ್ರತಿ ವಿದ್ಯಾರ್ಥಿ ನಿಜವಾಗಿ ಏನು ಮಾಡಿದ ಅಂತ ಒಂದು ಪುಟ ಬರೆದುಕೊಡಲಿ. 'ಶ್ರದ್ಧಾವಂತ ವಿದ್ಯಾರ್ಥಿ' ಅನ್ನುವ ಹಳೇ ಪತ್ರ ಬೇಡ. ಅಂಕಿಅಂಶ ಲೆಕ್ಕ ಹಾಕುವ ಎಸ್‌ಪಿಎಸ್‌ಎಸ್ ಸಾಫ್ಟ್‌ವೇರ್ ಕೊಳ್ಳಲು ದುಡ್ಡಿಲ್ಲ ಅನ್ನುವ ನೆಪವೂ ಬೇಡ. ಜಾಸ್ಪ್, ಜಮೋವಿ, ಆರ್ ಎಲ್ಲ ಪುಕ್ಕಟೆ ಸಿಗುತ್ತವೆ, ಹಳೇ ಲ್ಯಾಪ್‌ಟಾಪಿನಲ್ಲೂ ಓಡುತ್ತವೆ.

ಇಲಾಖೆಯ ಹಿರಿಯರಿಗೆ ಎರಡು ಮಾತು. ವಿಭಾಗಗಳಿಗೆ ಬರುವ ಪ್ರಾಜೆಕ್ಟ್ ದುಡ್ಡಿನಲ್ಲಿ ಎಂ.ಎ. ಮುಗಿಸಿದ ಒಬ್ಬಿಬ್ಬರಿಗಾದರೂ ವರ್ಷದ ಮಟ್ಟಿಗೆ ಸಂಬಳದ ಸಹಾಯಕರ ಕೆಲಸ ಕೊಡಿಸಿ. ಸಂಬಳ ಇಲ್ಲದ ಅನುಭವ ಅಂದರೆ ಬ್ಯಾಡಗಿಯ ಹುಡುಗಿ ಮನೆಗೆ ಹೋಗುತ್ತಾಳೆ, ಅನುಕೂಲಸ್ಥರ ಮಗ ಉಳಿಯುತ್ತಾನೆ. ಇನ್ನು ಖಾಲಿ ಹುದ್ದೆಗಳು. ಪಿಎಚ್‌ಡಿ ಗೈಡ್ ಆಗಲು ಕಾಯಂ ಅಧ್ಯಾಪಕರೇ ಆಗಬೇಕು. ಒಬ್ಬ ಪ್ರೊಫೆಸರ್ 8 ಜನ, ಅಸೋಸಿಯೇಟ್ 6, ಅಸಿಸ್ಟೆಂಟ್ 4, ಅಷ್ಟೇ. ಒಂದು ಹುದ್ದೆ ಖಾಲಿ ಬಿದ್ದರೆ ಅಷ್ಟು ಸೀಟು ಮಾಯ. ನನ್ನಂಥ ಅತಿಥಿಗಳು ಎಷ್ಟು ಪಾಠ ಮಾಡಿದರೂ ಒಬ್ಬರಿಗೂ ಗೈಡ್ ಆಗಲು ಬರುವುದಿಲ್ಲ. (ನೋಡಿ, ಅದರ ಬಗ್ಗೆ ಅಲ್ಲ ಅಂದಿದ್ದೆ, ಬಂದೇ ಬಿಟ್ಟಿತು.)

ಓದುತ್ತಿರುವ ಮಕ್ಕಳಿಗೂ ಒಂದು ಮಾತು, ಇಲ್ಲೇ ಹೇಳಿಬಿಡುತ್ತೇನೆ. ಕೌನ್ಸೆಲಿಂಗ್ ಮಾಡಬೇಕು ಅನ್ನುವ ಆಸೆಗೆ ಪಿಎಚ್‌ಡಿ ಮಾಡಬೇಡಿ. ಮನೋವಿಜ್ಞಾನದ ಪಿಎಚ್‌ಡಿ ಇದ್ದ ಮಾತ್ರಕ್ಕೆ ಕ್ಲಿನಿಕಲ್ ಸೈಕಾಲಜಿಸ್ಟ್ ಆಗುವುದಿಲ್ಲ. ಅದಕ್ಕೆ ಭಾರತೀಯ ಪುನರ್ವಸತಿ ಪರಿಷತ್ತು ಒಪ್ಪಿದ ಕೋರ್ಸ್, ಅವರ ನೋಂದಣಿ ಬೇಕು. ಹೆಸರಿನ ಮುಂದೆ 'ಡಾ.' ಬರುತ್ತದೆ ಅಂತ ಐದು ವರ್ಷ ಕಳೆದು ಆಮೇಲೆ ಅಳುವವರನ್ನು ಕಂಡಿದ್ದೇನೆ.

ನಮ್ಮ ಹುಡುಗಿ ಈಗ ಹಾವೇರಿಯ ಒಂದು ಶಾಲೆಯಲ್ಲಿ ತಾತ್ಕಾಲಿಕವಾಗಿ ಪಾಠ ಮಾಡುತ್ತಿದ್ದಾಳೆ. ಈ ವರ್ಷ ಮತ್ತೆ ನೆಟ್ ಬರೆದಿದ್ದಾಳೆ. ಹೋದ ಭಾನುವಾರ ಚಿಗರಿ ಬಸ್ಸಿನಲ್ಲಿ ಸಿಕ್ಕಿದ್ದಳು. ಉಣಕಲ್ ದಾಟುವವರೆಗೆ ಮ-14ರ ಬಗ್ಗೆಯೇ ಮಾತು. ಈ ಸುಗ್ಗಿಯಲ್ಲಿ ಮೂರನೇ ಸಲ ಹೋಗಿ ಕೇಳಬೇಕಂತೆ, ಕಣಕ್ಕೆ ಕಾವಲು ಇಟ್ಟುಕೊಂಡ ಮನೆಗಳಲ್ಲಿ ನಿದ್ದೆಯ ಅಂಕ ಬೇರೆ ಬರುತ್ತದಾ ನೋಡಬೇಕಂತೆ. ಯಾರೂ ಅವಳಿಗೆ ಇದಕ್ಕೆ ದುಡ್ಡು ಕೊಡುತ್ತಿಲ್ಲ.

ನೆಟ್ ಆದರೆ ಮತ್ತೆ ನಿಮ್ಮ ಮುಂದೆ ಬಂದು ಕೂರುತ್ತಾಳೆ. ಕಂದು ರಟ್ಟಿನ ನೋಟ್‌ಬುಕ್ ಚೀಲದಲ್ಲಿ ಇರುತ್ತದೆ. ನೀವು ಕೇಳದಿದ್ದರೆ ತಾನಾಗಿ ತೆಗೆಯುವವಳಲ್ಲ ಅವಳು. ಪುಟ 31 ತೆಗೆ ಅನ್ನಿ, ಸಾಕು.

ನಿಮ್ಮ ವಿಶ್ವಾಸಿ,
ಹುಬ್ಬಳ್ಳಿಯ ಒಬ್ಬ ಅತಿಥಿ ಉಪನ್ಯಾಸಕಿ